ಕೆಲ್ಲರಿನ ಕಾಗದಕ್ಕೆ ಹಾಕಿದ ಸಹಿ

ನನಗೆ ಆಗ ಅರವತ್ತೆರಡು. ಎಂಟು ವರ್ಷ ಆಯಿತು. ಮೊನ್ನೆ ಶನಿವಾರ ಮೊಮ್ಮಗಳು ಕಾರ್ಲ್ಸ್‌ರುಹೆಯಿಂದ ಬಂದವಳು ಅಡುಗೆಮನೆಯಲ್ಲಿ ಕೂತು ಅವಳ ಹಳೇ ಆಟದ ಕೋಲಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದಳು. ಆ ವಾಸನೆಗೆ ಕೆಳಗಿನ ಮನೆಯವರು ಬಂದು ನಿಂತ ಹಾಗಾಯಿತು. ಅವರು ತೀರಿಹೋದರಂತೆ, ತಲೆ ಎತ್ತದೆ ಹೇಳಿದಳು. ಹೇಳಿದ್ದು ಜರ್ಮನ್‌ನಲ್ಲಿ. ನಾನು ಕನ್ನಡ, ಅವಳು ಜರ್ಮನ್, ನಮ್ಮ ಮಾತು ಯಾವಾಗಲೂ ಹಾಗೆಯೇ. ಬೇರೆಯವರ ಜರ್ಮನ್ ನನಗೆ ತಿಳಿಯದು, ಅವಳದ್ದು ತಿಳಿಯುತ್ತದೆ.

ಅವರು ಐರ್ಲೆಂಡಿನವರು. ಜರ್ಮನಿಯ ಎಷ್‌ಬಾರ್ನಿನಲ್ಲಿ ನಾನಿರುವ ನನ್ನ ಮಗಳ ಮನೆಯ ಕಟ್ಟಡದಲ್ಲೇ ಕೆಳಗೆ ಒಬ್ಬರೇ ಇದ್ದರು. ಹರ್ಲಿಂಗ್ ಅಂತ ಅವರ ಊರಿನದೊಂದು ಹಳೇ ಆಟ. ತುದಿ ಅಗಲ ಇರುವ ಕೋಲಿನಲ್ಲಿ ಮೋಸಂಬಿಯಷ್ಟು ಚರ್ಮದ ಚೆಂಡನ್ನು ಗಾಳಿಯಲ್ಲೇ ಬಡಿಯುವುದು. ಭಾನುವಾರ ಹನ್ನೆರಡು ಹುಡುಗಿಯರಿಗೆ ಕಲಿಸುತ್ತಿದ್ದರು. ನಮ್ಮವಳಿಗೆ ಆಗ ಹನ್ನೊಂದು. ಮೊಣಕಾಲು ಒಡಕೊಂಡು ನಗುತ್ತಾ ಬರುತ್ತಿದ್ದಳು.

ಕೋಲು ಅವರೇ ಮಾಡುವುದು, ಕೆಲ್ಲರಿನಲ್ಲಿ, ಅಂದರೆ ನೆಲದಡಿಯ ಕೋಣೆಯಲ್ಲಿ. ಆಷ್ ಮರದ ಬುಡವೇ ಬೇಕು, ಬೇರಿನ ಹತ್ತಿರ ಮರ ತಾನೇ ಬಾಗುವ ಜಾಗ. ನನ್ನ ಅಪ್ಪ ನೇಗಿಲಿಗೆ ಮರ ಹುಡುಕುತ್ತಿದ್ದದ್ದೂ ಹೀಗೆ. ನೆಟ್ಟಗಿನ ಹಲಗೆಯನ್ನು ಬಾಗು ಬರುವ ಹಾಗೆ ಕೊರೆದರೆ ಒಂದೇ ಏಟಿಗೆ ಮುರಿಯುತ್ತದೆ. ಹುಡುಗಿಯ ಎತ್ತರ ನೋಡಿ ಕೋಲು ಅಳೆಯುತ್ತಿದ್ದರು.

"ಎಷ್ಟು ಎಣ್ಣೆ ಹಚ್ಚುವುದು ಮಾರಾಯ್ರೆ, ಕೋಲಿಗೆ ಮದುವೆಯಾ?" ಅಂತ ಒಮ್ಮೆ ಕೇಳಿದೆ. ಮೊಮ್ಮಗಳು ಅವರಿಗೆ ತಿಳಿಸಿದಳು.

"ಹೌದು ಅಂತೆ. ಹೆಣ್ಣು ನಮ್ಮ ಮನೆಯದ್ದೇ ಅಂತೆ," ಅಂತ ಅವರ ಉತ್ತರವನ್ನು ಅವಳ ಅಮ್ಮ ನಗುತ್ತಾ ನನಗೆ ಕನ್ನಡದಲ್ಲಿ ಹೇಳಿದಳು.

ಆ ಕೋಣೆಯ ಪಕ್ಕದಲ್ಲೇ ನಾವು ಬಟ್ಟೆ ಒಣಗಿಸುವುದು. ಅವರು ಮರ ಉಜ್ಜಿದರೆ ಧೂಳೆಲ್ಲ ನನ್ನ ಒದ್ದೆ ಸೀರೆಗೆ. ಹೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದರೂ ಬರುತ್ತಿತ್ತು.

ಒಂದು ದಿನ ಮೇಲಿನ ಮನೆಯ ಹೆಂಗಸು ಕಾಗದ ತಂದಳು. ಆಗಲೇ ಏಳೆಂಟು ಸಹಿ ಬಿದ್ದಿತ್ತು. ಕೈಯಲ್ಲಿ ಮರ ಉಜ್ಜಿದ ಹಾಗೆ ಮಾಡಿ, ಕಿವಿ ಮುಚ್ಚಿ, ಕೆಳಗೆ ಬೆರಳು ತೋರಿಸಿದಳು. ಓದಲಿಕ್ಕೆ ಬಾರದೆ ಹಾಕಿದೆ ಅಂತ ಈಗ ಹೇಳಬಹುದು. ಸುಳ್ಳು. ಎಂತಕ್ಕೆ ಅಂತ ಗೊತ್ತಿತ್ತು. ನನಗೆ ಬರುವ ಕನ್ನಡದಲ್ಲಿ ಹಾಕಿದೆ. ಮನೆಯಲ್ಲಿ ಹೇಳಲಿಲ್ಲ.

ತಿಂಗಳೊಳಗೆ ಕಟ್ಟಡ ನೋಡಿಕೊಳ್ಳುವವರು ಆ ಕಾಗದ ನೋಡಿ, ಅವರು ಕೋಲು ಮಾಡುವ ಬೆಂಚು ತೆಗೆಸಿದರು.

ಆಮೇಲೆ ಯೇನಾ ಅನ್ನುವ ಊರಿನಿಂದ ಇಬ್ಬರು ಕ್ಯಾಮರಾ ಹಿಡಿದು ಬಂದರು. ಹಳೇ ಆಟ, ಹಳೇ ಕೈಕೆಲಸ ಅಳಿಯಬಾರದು ಅಂತ ದಾಖಲೆ ಮಾಡುವವರು. ಕೋಲು ಮಾಡುವುದನ್ನು ಮೊದಲಿಂದ ಕೊನೆವರೆಗೆ ತೆಗೆಯಬೇಕಿತ್ತಂತೆ. ನಾನು ಬಟ್ಟೆ ತೆಗೆಯುತ್ತಿದ್ದೆ. ಖಾಲಿ ಕೋಣೆಯಲ್ಲಿ ನಿಂತು ಕೆಳಗಿನ ಮನೆಯವರು ಬರಿಗೈಯಲ್ಲಿ ತೋರಿಸಿದರು... ಇಲ್ಲಿ ಹಿಡಿಯುವುದು, ಇಲ್ಲಿ ಉಜ್ಜುವುದು... ಕ್ಯಾಮರಾದವರು ಬೆಂಚು ಎಲ್ಲಿ ಅಂತ ಕೇಳಿರಬೇಕು, ಇವರು ಜೇಬಿನಿಂದ ಆ ಕಾಗದದ ಪ್ರತಿ ತೆಗೆದರು. ಅಷ್ಟು ಸಹಿಗಳ ನಡುವೆ ನನ್ನದೊಂದೇ ಕನ್ನಡ. ಆ ಕಟ್ಟಡದಲ್ಲಿ ಬೇರೆ ಯಾರದ್ದಿರುತ್ತದೆ? ನನ್ನನ್ನು ನೋಡಿದರು. ಕಾಗದ ಮಡಚಿದರು.

"ಗುಟನ್ ಟಾಗ್, ಅಜ್ಜಿ," ಅಂದರು, ದಿನಾ ನಮಸ್ಕಾರ ಅನ್ನುವ ಹಾಗೆ.

ಬೈದಿದ್ದರೆ ಚೆನ್ನಾಗಿತ್ತು.

ಹುಡುಗಿಯರು ಬೆಳೆದರು, ಕೋಲು ಗಿಡ್ಡವಾಯಿತು. ಹೊಸದು ಮಾಡುವವರಿಲ್ಲ. ಪ್ಲಾಸ್ಟಿಕ್ಕಿನದು ಬಂತು. ಒಬ್ಬೊಬ್ಬರೇ ಬಿಟ್ಟರು. ಅವರೂ ಊರಿಗೆ ಹೋದರು, ಯಾವ ವರ್ಷ ಅಂತ ನೆನಪಿಲ್ಲ... ಆ ಆಟ ಈಗ ಇಡೀ ಲೋಕ ಉಳಿಸಿಕೊಳ್ಳಬೇಕಾದ ಪಟ್ಟಿಯಲ್ಲಿ ಉಂಟಂತೆ. ಇರಲಿ. ನಮ್ಮ ಮೈದಾನದಲ್ಲಿ ಇಲ್ಲ.

ಇಷ್ಟು ವರ್ಷ ಮೊಮ್ಮಗಳು ಮೇಲಿನ ಮನೆಯವಳನ್ನೇ ಬೈಯುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ.

ಸಾವಿನ ಸುದ್ದಿ ಕೇಳಿದ ಮಾರನೇ ದಿನ ಬೆಳಿಗ್ಗೆ ಅವಳಿಗೆ ದೋಸೆ ಹಾಕಿ ಕೊಟ್ಟು, ಎದುರು ಕೂತು, ಆ ಕಾಗದದಲ್ಲಿ ನನ್ನ ಸಹಿಯೂ ಇತ್ತು ಅಂತ ಹೇಳಿದೆ.

"ವಾರುಮ್?" ಅಂದಳು. ಯಾಕೆ ಅಂತ.

"ಸೀರೆಗೆ ಧೂಳು ಬೀಳ್ತಿತ್ತು."

ತಟ್ಟೆ ದೂಡಿದಳು.

"ಸೀರೆಗಾ, ಅಜ್ಜಿ?" ಕನ್ನಡದಲ್ಲಿ ಕೇಳಿದಳು.

ಹೌದು ಅಂದೆ.