ಹತ್ತಿ ಗಿರಣಿಯ ಮಂತ್ರಿಗಳು

ಹುಬ್ಬಿನ ಕೂದಲಲ್ಲಿ ಸಿಕ್ಕಿಕೊಂಡ ಹತ್ತಿಯ ಎಳೆಗಳನ್ನು ಅವರು ಎಂದೂ ಒರೆಸಿಕೊಂಡವರಲ್ಲ. ಕೋಟು, ಟೊಪ್ಪಿಗೆ, ಮಿರಿಮಿರಿ ಮಿಂಚುವ ಬೂಟು ಎಲ್ಲ ಸರಿಯಾಗಿರುತ್ತಿದ್ದವು. ಹುಬ್ಬು ಮಾತ್ರ ಹರೆಯದಲ್ಲೇ ಮುದುಕರದು. ಕೊಪ್ಪಳದ ಹತ್ತಿ ಗಿರಣಿಗೆ ಅವರು ಮ್ಯಾನೇಜರು. ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು.

ಆಗ ನಮ್ಮ ಕಡೆ ಹತ್ತಿಯ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನೂ ದಲಾಲನೂ ಅರಿವೆಯ ಅಡಿಯಲ್ಲಿ ಕೈ ಕೂಡಿಸಿ, ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಬೆಳೆದ ರೈತ ಪಕ್ಕದಲ್ಲೇ ಪಿಳಿಪಿಳಿ ಕಣ್ಣು ಬಿಡುತ್ತ ನಿಂತಿರುತ್ತಿದ್ದ. ಒಂದು ದಿನ ಕುಕನೂರಿನ ದಲಾಲನೊಬ್ಬ ಹಾಗೆ ಕೈ ಚಾಚಿದಾಗ ಸಾಹೇಬರು ಆ ಅರಿವೆಯನ್ನು ತೆಗೆದು, ಮಡಚಿ, ಅವನ ಹೆಗಲಿಗೇ ಹಾಕಿದರು.

“ಬಾಯಿಲೆ ಹೇಳ್ರಿ. ಹತ್ತಿ ಬೆಳದಾಂವ ಇಲ್ಲೇ ನಿಂತಾನ.”

ದಲಾಲರು ಕೆಲವು ದಿನ ಮುಖ ಊದಿಸಿಕೊಂಡು ತಿರುಗಿದರು. ಆಮೇಲೆ ದರವನ್ನು ಬಾಯಲ್ಲಿ ಹೇಳುವುದೇ ರೂಢಿಯಾಯಿತು.

ಗಿರಣಿಯ ಖಾಲಿ ಗೋದಾಮಿನಲ್ಲಿ ನಾನು ಕನ್ನಡ ಶಾಲೆ ನಡೆಸುತ್ತಿದ್ದೆ. ಜಾಗ ಕೊಟ್ಟವರು ಅವರೇ. ಆದರೆ ಸರಕಾರದ ಅನುಮತಿ ಇರಲಿಲ್ಲ. ನಮ್ಮ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ, ಉರ್ದುವಿನಲ್ಲೇ ಆಡಳಿತ ನಡೆಯುತ್ತಿದ್ದ ಆ ಕಾಲದಲ್ಲಿ ಖಾಸಗಿ ಕನ್ನಡ ಶಾಲೆಗೆ ಅದು ಸುಲಭಕ್ಕೆ ಸಿಗುತ್ತಲೂ ಇರಲಿಲ್ಲ. ಕೊನೆಗೆ ಶಾಲೆ ಮುಚ್ಚಬೇಕೆಂದು ಹುಕುಂ ಬಂತು. ಮಕ್ಕಳು ಬೀದಿಪಾಲು, ಅವರ ಹಿಂದೆ ನಾನೂ. ಅದೇ ಹೊತ್ತಿಗೆ, ವ್ಯವಹಾರ ಬಲ್ಲವರು ಬೇಕೆಂದು ಹೈದರಾಬಾದಿನ ಸರಕಾರದವರು ಸಾಹೇಬರನ್ನು ಕರೆಸಿ ಮಂತ್ರಿ ಮಾಡಿದರು. ಹತ್ತಿಯವರಿಗೆ ವಿದ್ಯಾಖಾತೆಯನ್ನೇ ಯಾಕೆ ಕೊಟ್ಟರೋ ದೇವರೇ ಬಲ್ಲ! ನಮಗಂತೂ ಹಾಲು ಕುಡಿದಷ್ಟು ಸಂತೋಷ. ನಮ್ಮವರೇ ಮಂತ್ರಿ ಎಂದ ಮೇಲೆ ಇನ್ನೇನು ಚಿಂತೆ?

ರೈಲು ಹತ್ತಿ ಹೋಗಿ ಅವರನ್ನು ಮನೆಯಲ್ಲೇ ಕಂಡೆ. ಹೊಟ್ಟೆ ತುಂಬ ಊಟ ಹಾಕಿಸಿದರು, ಊರಿನ ಒಬ್ಬೊಬ್ಬರನ್ನೂ ವಿಚಾರಿಸಿದರು. ಶಾಲೆಯ ಮಾತೆತ್ತಿದೊಡನೆ ಮಾತ್ರ, ನಾಳೆ ಕಚೇರಿಗೆ ಬನ್ನಿ ಎಂದು ಎದ್ದುಬಿಟ್ಟರು.

ಕಚೇರಿಯಲ್ಲಿ ಹುಕುಂ ಕಳಿಸಿದ್ದ ಅಧಿಕಾರಿಯೂ ಕುಳಿತಿದ್ದರು. ಅವರೆದುರೇ ನನ್ನಿಂದ ಎಲ್ಲವನ್ನೂ ಹೇಳಿಸಿ, ಸಾಹೇಬರು ತಾವೇ ಅದನ್ನು ಉರ್ದುವಿಗೆ ತಿರುಗಿಸಿದರು. ಆಮೇಲೆ ಆ ಅಧಿಕಾರಿಯನ್ನೇ ತೋರಿಸಿ ಅಂದರು:

“ಜಾಗಾ ಕೊಟ್ಟಾಂವ ನಾನು. ಇದಕ್ಕ ನಾ ಸಹಿ ಹಾಕಂಗಿಲ್ಲ ಮಾಸ್ತರ. ಇವ್ರೇ ಬಂದು ಸಾಲಿ ನೋಡ್ತಾರ, ಇವ್ರೇ ಬರೀತಾರ.”

ಮುಚ್ಚಿಸಲು ಹೊರಟವರ ಕೈಗೇ ಶಾಲೆಯನ್ನು ಕೊಟ್ಟುಬಿಟ್ಟರಲ್ಲ ಎಂದು ದಾರಿಯುದ್ದಕ್ಕೂ ಹಿಡಿಶಾಪ ಹಾಕುತ್ತ ಊರಿಗೆ ಬಂದೆ.

ಅಧಿಕಾರಿ ಬಂದರು. ಬೆಳಗಿನಿಂದ ಸಂಜೆಯವರೆಗೆ ಗೋದಾಮಿನಲ್ಲೇ ಕುಳಿತು ಮಕ್ಕಳಿಂದ ಓದಿಸಿದರು, ಮಗ್ಗಿ ಹೇಳಿಸಿದರು, ಉರ್ದು ಕಲಿಸುತ್ತೀರಾ ಎಂದು ಕೇಳಿದರು. ಕಲಿಸುತ್ತಿದ್ದೆ. ಹೋಗುವಾಗ ಒಂದು ಹುಡುಗಿಯ ತಲೆ ಸವರಿದರು. ಸ್ವಲ್ಪ ದಿನಕ್ಕೆ ಅನುಮತಿ ಅವರ ಸಹಿಯಲ್ಲೇ ಬಂತು.

ಸಾಹೇಬರ ಮಂತ್ರಿಗಿರಿ ಬಹಳ ಕಾಲ ಬಾಳಲಿಲ್ಲ. ಹೊಸ ಮಂತ್ರಿಗಳು ಬಂದವರೇ, ಸಾಹೇಬರು ತಮ್ಮ ಸೀಮೆಗೆ ಏನೇನು ಮಾಡಿಕೊಂಡಿದ್ದಾರೆಂದು ಕೆದಕತೊಡಗಿದರು. ಅವರ ಸಹಿಯಿದ್ದ ಮಂಜೂರಾತಿಗಳೆಲ್ಲ ಒಂದೊಂದಾಗಿ ರದ್ದಾದವು. ಯಲಬುರ್ಗಾ ಕಡೆಯ ಒಂದು ಒಳ್ಳೆಯ ಶಾಲೆಯೂ ಹಾಗೆಯೇ ಹೋಯಿತು. ನಮ್ಮದರ ತಂಟೆಗೆ ಯಾರೂ ಬರಲಿಲ್ಲ. ಸಾಹೇಬರು ಮಾಡಿದ್ದೇನೆಂದು ನನಗೆ ಅರ್ಥವಾದದ್ದು ಆಗ. ಗಂಗಾವತಿಯಲ್ಲಿ ತಮ್ಮ ತಂಗಿಯ ಮನೆಯಲ್ಲಿದ್ದ ಅವರ ಬಳಿಗೆ ಓಡಿಹೋಗಿ ಕಾಲು ಹಿಡಿದೆ. ಈ ವರ್ಷ ಶಾಲೆಗೆ ಹೆಣ್ಣುಮಕ್ಕಳು ಹೆಚ್ಚಿಗೆ ಬಂದಿದ್ದಾರೆಯೇ ಎಂದಷ್ಟೇ ಕೇಳಿದರು. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು.

ಕೂದಲು ನರೆಯುವವರೆಗೆ ನಾನು ಆ ಶಾಲೆಯಲ್ಲೇ ಕಲಿಸಿದೆ, ಅದರ ಅನ್ನವನ್ನೇ ಉಂಡೆ. ಶಾಲೆಯ ಯಾವ ಕಾಗದದಲ್ಲೂ ಅವರ ಹೆಸರಿಲ್ಲ. ಇದ್ದಿದ್ದರೆ ಶಾಲೆ ಇರುತ್ತಿರಲಿಲ್ಲ.