ಪೊಟ್ಟಣದ ಮೇಲಿನ ಪ್ರೋಟೀನ್

ಕಲಬುರಗಿಯಲ್ಲಿ ನೌಕರಿಯಲ್ಲಿದ್ದ ನನ್ನ ಗಂಡನ ಅಣ್ಣ ಕಮಲಾಪುರದ ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಅಡುಗೆಯಲ್ಲಿ ಕೊಂಕು ತೆಗೆಯುತ್ತಿದ್ದರು. "ಬರೇ ರೊಟ್ಟಿ, ಬ್ಯಾಳಿ ತಿಂದ್ರ ಮಕ್ಕಳಿಗಿ ಶಕ್ತಿ ಎಲ್ಲಿಂದ ಬರ್ತದ?" ಎನ್ನುತ್ತ ಒಮ್ಮೆ ನೂಡಲ್ಸ್ ಪೊಟ್ಟಣ ತಂದರು. ಅದರ ಮೇಲಿನ ಚಿತ್ರದಲ್ಲಿ ದಪ್ಪ ದಪ್ಪ ಖೀಮಾ ಉಂಡೆಗಳಿದ್ದವು. ಹಿಂದೆ ಅಚ್ಚಾಗಿದ್ದ ಪ್ರೋಟೀನ್, ಕಬ್ಬಿಣಾಂಶದ ಅಂಕಿಗಳನ್ನು ನನಗೆ ಕೇಳಲೆಂದೇ ಗಟ್ಟಿಯಾಗಿ ಓದಿದರು.

ಕುದಿಸಿದರೆ ಬರೀ ಎಳೆಗಳು. ಮಕ್ಕಳು ಉಂಡೆಗಾಗಿ ತಟ್ಟೆಯೆಲ್ಲ ಕೆದಕಿದರು.

"ಖೀಮಾ ನಾವ ಹಾಕ್ಕೋಬೇಕು," ಎಂದರು ಭಾವ, ಒಂದಿಷ್ಟೂ ನಾಚಿಕೆಯಿಲ್ಲದೆ.

ಪೊಟ್ಟಣ ಕಸಿದುಕೊಂಡು ನೋಡಿದೆ. ಆ ಅಂಕಿಗಳೂ ಖೀಮಾ ಉಂಡೆ ಸೇರಿಸಿದರೆ ಮಾತ್ರ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

"ಹಂಗಾದ್ರ ನಮ್ಮ ನಳದ ನೀರಿನ್ಯಾಗೂ ಪ್ರೋಟೀನ್ ಅದರೀ ಭಾವಾರ," ಎಂದೆ. "ಬ್ಯಾಳಿ ಹಾಕಿ ಕುದಿಸಿದ್ರ."