ಭಾವನ ಮದುವೆ ಪ್ಯಾಂಟು

ನನ್ನ ಓರಗಿತ್ತಿ ಟೈಲರ್. ಅದೂ ಗಂಡಸರ ಟೈಲರ್. ಕೇಳಿದವರು ಈಗಲೂ ಹುಬ್ಬೇರಿಸುತ್ತಾರೆ. ಏರಿಸಲಿ ಬಿಡಿ, ಆಮೇಲೆ ಅವಳ ಅಂಗಡಿಗೇ ಬಂದು ನಿಲ್ಲುತ್ತಾರೆ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಅವಳ ಗಂಡ ನನ್ನ ಗಂಡನ ಅಣ್ಣ, ನನಗೆ ಭಾವ. ಭಾವ ತೀರಿಕೊಂಡ ಮೇಲೂ ಅಕ್ಕ ಅಂಗಡಿ ಮುಚ್ಚಲಿಲ್ಲ. ಒಂದೇ ಕೋಣೆ. ಬೀದಿ ಕಡೆಗೆ ಕಿಟಕಿ, ಕಿಟಕಿಯ ಕೆಳಗೆ ತುಳಿಯುವ ಹೊಲಿಗೆ ಯಂತ್ರ, ಎದುರಿಗೆ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ. ಹಿಂದಿನ ಬಾಗಿಲು ತೆರೆದರೆ ಅವಳ ಅಡುಗೆಮನೆ, ಅದರಾಚೆ ಬಟ್ಟೆ ಒಣಗಿಸುವಷ್ಟು ಜಾಗ, ಅದರಾಚೆ ನಮ್ಮ ಮನೆ.

ಅಕ್ಕನಿಗೆ ಕೆಲಸ ಕಲಿಸಿದ ಮುದುಕ ಕತ್ತರಿ ಹಿಡಿಯುವುದಕ್ಕಿಂತ ಮೊದಲು ಬಾಯಿ ಮುಚ್ಚುವುದನ್ನು ಕಲಿಸಿದ್ದನಂತೆ. ಗಿರಾಕಿಯ ಸೊಂಟದ ಅಳತೆಯನ್ನು ಬಾಯಿಬಿಟ್ಟು ಹೇಳಬಾರದು. ಬಟ್ಟೆಯ ಅಂಚಿನಲ್ಲಿ ಸೀಮೆಸುಣ್ಣದಿಂದ ಗೀಚಿಕೊಳ್ಳಬೇಕು, ಅಷ್ಟೆ. ಹಳೆಯ ಗಿರಾಕಿ ಗುಂಡಿ ಹಾಕಿಸಲೋ ಜಿಪ್ ಸರಿಮಾಡಿಸಲೋ ಪ್ಯಾಂಟು ತಂದಾಗ, ಅದು ಬಿಗಿಯಾಗಿದೆ ಎಂದು ಕಂಡರೆ, ಅವನು ಕೇಳದಿದ್ದರೂ ಹಿಂದಿನ ಹೊಲಿಗೆ ಬಿಚ್ಚಿ ಒಳಗೆ ಮಡಚಿಟ್ಟ ಬಟ್ಟೆಯನ್ನು ಒಂದಿಷ್ಟು ಬಿಟ್ಟು ಕೊಡಬೇಕು. ಗಿರಾಕಿ ಮನೆಗೆ ಹೋಗಿ ಹಾಕಿಕೊಂಡು, ಪರವಾಗಿಲ್ಲ, ನಾನು ಮೊದಲಿನ ಹಾಗೇ ಇದ್ದೇನೆ ಎಂದು ಖುಷಿಪಡುತ್ತಾನೆ, ಮತ್ತೆ ಇಲ್ಲಿಗೇ ಬರುತ್ತಾನೆ. ಈ ಊರಿನ ಎಷ್ಟು ಗಂಡಸರ ಮಾನ ಅಕ್ಕನ ಕೈಯಲ್ಲಿ ಉಳಿದಿದೆಯೋ, ಲೆಕ್ಕವಿಲ್ಲ.

ಭಾವನ ಮದುವೆ ಪ್ಯಾಂಟನ್ನೂ ಅವಳೇ ಹೊಲಿದದ್ದು. ಆಗಿನ್ನೂ ಕೈ ಪಳಗಿರಲಿಲ್ಲ. ಎಲ್ಲಿ ಸಾಲದೆ ಹೋಗುತ್ತದೋ ಎಂಬ ಭಯಕ್ಕೆ ಒಳಗೆ ಬೇಕಾದ್ದಕ್ಕಿಂತ ಹೆಚ್ಚು ಬಟ್ಟೆ ಬಿಟ್ಟಿದ್ದಳು. ಬೂದು ಬಣ್ಣದ ಒಳ್ಳೆಯ ದಪ್ಪ ಬಟ್ಟೆ. ಭಾವ ಪ್ರತಿ ವರ್ಷ ಮದುವೆಯ ದಿನ ಅದನ್ನು ತೊಟ್ಟು ನಮ್ಮ ಮನೆ ಬಾಗಿಲಿಗೆ ಬರುತ್ತಿದ್ದರು. ಹೊಟ್ಟೆಯ ಮೇಲೆ ಕೈಯಾಡಿಸಿ, ಮದುವೆಯಲ್ಲಿ ಎಷ್ಟಿತ್ತೋ ಅಷ್ಟೇ ಇದೆ ನೋಡು ಎಂದು ತಮ್ಮನನ್ನು ಕೆಣಕುತ್ತಿದ್ದರು. ಅವರ ಹಿಂದೆ ನಿಂತ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆ ನಗುವಿನ ಅರ್ಥ ನನಗೆ ಆಗ ಗೊತ್ತಿರಲಿಲ್ಲ.

ಅಣ್ಣತಮ್ಮಂದಿರು ಒಂದೇ ಎರಕ. ಅದೇ ಭುಜ, ಅದೇ ನಡಿಗೆ, ತಲೆಯ ಹಿಂದೆ ಅದೇ ಸುಳಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ, ಮಬ್ಬು ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತಿದ್ದವರ ಬೆನ್ನಿಗೆ ಒಂದು ಗುದ್ದು ಕೊಟ್ಟು, ಎಷ್ಟು ಹೊತ್ತು ತಲೆ ಬಾಚ್ತೀರಿ ಎಂದು ಕೇಳಿದ್ದೆ. ತಿರುಗಿದರೆ ಭಾವ. ಎಷ್ಟೋ ದಿನ ನಾನು ಅವರೆದುರು ತಲೆಯೆತ್ತಲಿಲ್ಲ. ಅಕ್ಕ ಅದನ್ನು ಇಂದಿಗೂ ಬಿಟ್ಟಿಲ್ಲ, ಸಮಯ ಸಿಕ್ಕಿದರೆ ಎತ್ತಿ ಆಡುತ್ತಾಳೆ.

ಭಾವ ಬಸ್ ಡ್ರೈವರ್. ಸೀಟಿನಲ್ಲಿ ಕೂತರೆ ಡಿಪೋ ಬಂದ ಮೇಲೆಯೇ ಏಳುವುದು. ನಡುವೆ ಬಸ್ಸು ನಿಂತಲ್ಲೆಲ್ಲ ಬೆಣ್ಣೆ ಹಚ್ಚಿದ ಬನ್ನು, ಕಾಗದದಲ್ಲಿ ಸುತ್ತಿದ ಕರಿದ ತಿಂಡಿ, ಸಕ್ಕರೆ ಸುರಿದ ಟೀ, ಮೇಲೊಂದು ಸಿಗರೇಟು. ನಮ್ಮ ಬೀದಿಯ ತಿರುವು ಬಂದಾಗ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಅಕ್ಕ ಯಂತ್ರ ನಿಲ್ಲಿಸಿ ಕಿಟಕಿಯಿಂದ ಕೈಯಲ್ಲಿದ್ದ ಬಟ್ಟೆ ಬೀಸುತ್ತಿದ್ದಳು. ಯಾರ ಪ್ಯಾಂಟೋ ಯಾರ ಅಂಗಿಯೋ, ಕೈಗೆ ಸಿಕ್ಕಿದ್ದು. ಮಕ್ಕಳಿಲ್ಲದ ಅವರಿಬ್ಬರ ಸರಸ ಬೀದಿಗೆಲ್ಲ ಗೊತ್ತಿತ್ತು.

ಒಮ್ಮೆ ಡಿಪೋಗೆ ಡಾಕ್ಟರು ಬಂದು ಎಲ್ಲ ಡ್ರೈವರುಗಳ ಬಿಪಿ ನೋಡಿದರು. ಭಾವನಿಗೆ, ಬಿಪಿ ಜಾಸ್ತಿ ಇದೆ, ರಕ್ತ ಪರೀಕ್ಷೆ ಮಾಡಿಸಿ, ಇಸಿಜಿ ತೆಗೆಸಿ ಎಂದರಂತೆ. ಭಾವ ಮನೆಗೆ ಬಂದು ಅದನ್ನೊಂದು ತಮಾಷೆಯಾಗಿ ಹೇಳಿದರು.

"ಮದುವೆ ಪ್ಯಾಂಟು ಇನ್ನೂ ಹಾಕ್ಕೋತೀನಿ. ನನಗೆಂಥಾ ಟೆಸ್ಟು?"

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದವಳು ದಾರದ ತುದಿಯನ್ನು ಕಚ್ಚಿದಳು. ಮಾರನೆಯ ವರ್ಷ ಒಂದು ಬೆಳಿಗ್ಗೆ ಭಾವ ಬಸ್ಸು ಹತ್ತಲು ಹೋಗಿ ಮೆಟ್ಟಿಲ ಮೇಲೆಯೇ ಕೂತರು. ಎದೆ ಹಿಂಡಿದ ಹಾಗೆ ಆಗ್ತಿದೆ, ಗ್ಯಾಸ್ ಇರಬೇಕು ಎಂದು ಕಂಡಕ್ಟರನ ಹತ್ತಿರ ನೀರು ಕೇಳಿದರಂತೆ. ಅವನು ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಕ್ಕ ಎಲ್ಲರೆದುರು ಅಳುವ ಪೈಕಿಯಲ್ಲ. ಮತ್ತೆ ಯಂತ್ರಕ್ಕೆ ಕೂತಳು. ಆದರೆ ಆ ಬಸ್ಸು ಈಗಲೂ ಅದೇ ದಾರಿಯಲ್ಲಿ ಬರುತ್ತದೆ, ಬೇರೆ ಯಾರೋ ಓಡಿಸುತ್ತಾರೆ. ತಿರುವಿನಲ್ಲಿ ಅದರ ಸದ್ದು ಕೇಳಿದರೆ ಅಕ್ಕನ ಕಾಲು ತಾನಾಗಿ ನಿಲ್ಲುತ್ತದೆ. ಬಸ್ಸು ಹಾರ್ನ್ ಹೊಡೆಯದೆ ಹೋಗುತ್ತದೆ. ಅಕ್ಕ ಮತ್ತೆ ತುಳಿಯುತ್ತಾಳೆ. ನಾನು ನನ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ಆ ಯಂತ್ರ ನಿಂತು ಮತ್ತೆ ಶುರುವಾಗುವುದನ್ನು ಕೇಳುತ್ತೇನೆ.

ಭಾವನ ಬಟ್ಟೆಗಳನ್ನು ಏನು ಮಾಡುವುದೆಂಬ ಮಾತು ಬಂದಾಗ, ಮದುವೆ ಪ್ಯಾಂಟನ್ನು ನಮ್ಮವರಿಗೆ ಸರಿಮಾಡಿ ಕೊಡು ಎಂದು ಬುದ್ಧಿವಂತೆಯಾದ ನಾನೇ ಹೇಳಿದೆ. ಅಕ್ಕ ಅದನ್ನು ಮೇಜಿನ ಮೇಲೆ ಒಳಮೈ ಹೊರಗೆ ಮಾಡಿ ಹರವಿದಳು. ಹಿಂಬದಿಯ ಹೊಲಿಗೆಯ ಪಕ್ಕದಲ್ಲಿ ಸಾಲು ಸಾಲು ಸೂಜಿ ತೂತುಗಳು. ಬಿಚ್ಚಿದ ಹೊಲಿಗೆಯ ಗುರುತು ಒಂದಾದ ಮೇಲೊಂದು ಸರಿಯುತ್ತ ಹೋಗಿ ಬಟ್ಟೆಯ ಅಂಚು ಮುಟ್ಟಿತ್ತು. ಅಷ್ಟೂ ಸಾಲದೆ ಕೊನೆಗೆ ಅದೇ ಬಣ್ಣದ ಒಂದು ಪಟ್ಟಿಯನ್ನು ಬೇರೆ ಸೇರಿಸಿದ್ದಳು, ಬೆಲ್ಟಿನ ಕೆಳಗೆ ಕಾಣದ ಹಾಗೆ. ಪ್ರತಿ ವರ್ಷ ಮದುವೆಯ ದಿನ ಹತ್ತಿರ ಬಂದಾಗ ಭಾವನಿಗೆ ತಿಳಿಯದ ಹಾಗೆ ಮಾಡಿದ ಕೆಲಸ ಅದು.

"ಅವರು ಖುಷಿಯಾಗಿರ್ತಿದ್ರು ಕಣೇ," ಎಂದಳು ಅಕ್ಕ. "ಅದಕ್ಕೇ ಹೇಳ್ಲಿಲ್ಲ."

ಅವತ್ತು ಆ ಬಟ್ಟೆಗೆ ಮುಖ ಒತ್ತಿಕೊಂಡು ಅತ್ತಳು. ಅವಳ ಪಕ್ಕದಲ್ಲಿ ಕೂತು ನಾನೂ ಅತ್ತೆ. ಪ್ಯಾಂಟು ಹಾಗೇ ಬೀರುವಿಗೆ ಹೋಯಿತು.

ಇನ್ನು ನಮ್ಮವರ ಕಥೆ. ಅವರು ಬಸ್ ನಿಲ್ದಾಣದಲ್ಲಿ ಟಿಕೆಟ್ ಬುಕಿಂಗ್ ಕೌಂಟರಿನಲ್ಲಿ ಕೂರುವವರು. ಅಣ್ಣನ ಹಾಗೆ ಕೂತೇ ಕೆಲಸ, ಅಣ್ಣನ ಹಾಗೆ ತಿಂಡಿ, ಅಣ್ಣನ ಹಾಗೆ ಸಿಗರೇಟು. ಮೇಲುಪ್ಪು ಇಲ್ಲದೆ ತುತ್ತು ಇಳಿಯುವುದಿಲ್ಲ. ಅಣ್ಣ ಹೋದ ಮೇಲೆ ಇನ್ನೂ ಹೆಚ್ಚು ತಿನ್ನತೊಡಗಿದರು. ನಮ್ಮ ಮನೆಯ ಮಹಡಿ ಹತ್ತಿದರೆ ಏದುಸಿರು. ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಾನು ಬೇಡಿದೆ, ಜಗಳವಾಡಿದೆ, ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವರಿಗೆ ಅನುಕೂಲವೇ ಆಯಿತು. ಪರೀಕ್ಷೆ ಮಾಡಿಸಿದರೆ ತಾನೇ ಕಾಯಿಲೆ ಗೊತ್ತಾಗುವುದು ಎಂಬುದು ಅವರ ವಾದ. ಅದು ಮೊಂಡುತನವಲ್ಲ, ಹೆದರಿಕೆ ಎಂದು ನನಗೆ ಗೊತ್ತಿತ್ತು. ರಾತ್ರಿ ಅವರ ಉಸಿರು ಸ್ವಲ್ಪ ತಡೆದರೂ ನಾನು ಎದ್ದು ಕೂರುತ್ತಿದ್ದೆ.

ಒಂದು ದಿನ ಅವರು ಪ್ಯಾಂಟು ಹಿಡಿದು ಅಕ್ಕನ ಅಂಗಡಿಗೆ ಹೋದರು. ಒಗೆದಾಗ ಕುಗ್ಗಿದೆಯಂತೆ. ಒಗೆದವಳು ನಾನು, ತಪ್ಪು ಸೋಪಿನದು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅಕ್ಕ ಟೇಪು ತೆಗೆದು ಮೈದುನನ ಸೊಂಟಕ್ಕೆ ಸುತ್ತಿದಳು, ಓದಿದಳು, ಮತ್ತೆ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದಳು. ಅಳತೆಯನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು. ಪ್ಯಾಂಟನ್ನು ಮಡಚಿ ವಾಪಸು ಕೊಟ್ಟು, ಇದನ್ನು ನಾನು ಬಿಚ್ಚುವುದಿಲ್ಲ ಎಂದಳು. ನಮ್ಮವರು ಕೆಂಡಾಮಂಡಲವಾದರು. ಮಾರುಕಟ್ಟೆಯ ಹತ್ತಿರದ ಬೇರೆ ಟೈಲರನ ಹತ್ತಿರ ಕೊಟ್ಟು ಸೊಂಟ ದೊಡ್ಡದು ಮಾಡಿಸಿಕೊಂಡು ಬಂದು, ಅಕ್ಕನ ಕಿಟಕಿಯ ಮುಂದೆ ಬೇಕೆಂದೇ ಅಡ್ಡಾಡಿದರು. ನಾಚಿಕೆಯಿಂದ ನನಗೆ ತಲೆ ಎತ್ತಲು ಆಗಲಿಲ್ಲ.

ಅವತ್ತೇ ಸಂಜೆ ಅಕ್ಕ ನಮ್ಮ ಮನೆಗೆ ಬಂದಳು. ನಮ್ಮವರು ಊಟಕ್ಕೆ ಕೂತಿದ್ದರು. ಅಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಆ ಬೂದು ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಮುಂದೆ ಇಟ್ಟಳು. ಅವರ ಬೆರಳು ಹಿಡಿದು ಆ ತೂತುಗಳ ಸಾಲಿನ ಮೇಲೆ ಇಟ್ಟು, ಮೊದಲಿನಿಂದ ಅಂಚಿನವರೆಗೆ ಎಳೆದಳು.

"ಇದು ನಿಮ್ಮಣ್ಣಂದು. ಪ್ರತಿ ಸಾಲೂ ನಾನೇ ಹೊಲಿದದ್ದು. ಒಂದು ಸಲವೂ ಅವರಿಗೆ ಹೇಳ್ಲಿಲ್ಲ. ನಿನಗೆ ಹೇಳ್ತಿದೀನಿ."

ನಮ್ಮವರು ಆ ಅಂಚಿನಿಂದ ಬೆರಳು ತೆಗೆಯಲಿಲ್ಲ. ನನಗೆ ಭಯ ಆಗ್ತದೆ ಅತ್ತಿಗೆ ಎಂದರು. ಮದುವೆಯಾದಂದಿನಿಂದ ಆ ಬಾಯಲ್ಲಿ ನಾನು ಕೇಳದ ಮಾತು ಅದು. ಅಕ್ಕ ಅವರ ತಲೆಯ ಮೇಲೆ ಕೈ ಇಟ್ಟು, ನನಗೂ ಆಗ್ತದೆ, ಅದಕ್ಕೇ ಬಂದೆ ಎಂದಳು.

ಮರುದಿನ ಬೆಳಿಗ್ಗೆ ನಾವು ಮೂವರೂ ಆಸ್ಪತ್ರೆಗೆ ಹೋದೆವು. ಖಾಲಿ ಹೊಟ್ಟೆಯಲ್ಲಿ ನಮ್ಮವರ ರಕ್ತ ತೆಗೆದರು, ಬಿಪಿ ನೋಡಿದರು, ಇಸಿಜಿ ತೆಗೆದರು. ಡಾಕ್ಟರಮ್ಮ ನಿಧಾನಸ್ಥೆ. ನಮ್ಮವರಿಗೆ ಬಿಪಿ ಜಾಸ್ತಿ, ರಕ್ತದಲ್ಲಿ ಕೆಟ್ಟ ಕೊಬ್ಬು ಜಾಸ್ತಿ, ಸಕ್ಕರೆ ಅಂಚಿನಲ್ಲಿದೆ ಎಂದರು. ಅಣ್ಣ ಸಣ್ಣ ವಯಸ್ಸಿನಲ್ಲೇ ಹೃದಯಾಘಾತದಿಂದ ಹೋಗಿದ್ದರೆ ತಮ್ಮ ಇನ್ನೂ ಮೊದಲೇ ಬರಬೇಕಿತ್ತು, ಈಗಲಾದರೂ ಬಂದಿರಲ್ಲ, ಇದನ್ನು ಹಿಡಿತಕ್ಕೆ ತರಬಹುದು ಎಂದರು. ಏದುಸಿರು ಯಾಕೆಂದು ನೋಡಲು ಇನ್ನೊಂದು ಪರೀಕ್ಷೆಗೂ ಕಳಿಸಿದರು. ಅದರಲ್ಲಿ ಹೃದಯ ಸರಿಯಾಗಿದೆ ಎಂದು ಬಂತು. ಮಾತ್ರೆ ಬರೆದರು, ಸಿಗರೇಟು ಪೂರ್ತಿ ಬಿಡಬೇಕು, ದಿನಾ ಬಿರುಸಾಗಿ ನಡೆಯಬೇಕು ಎಂದರು. ಉಪ್ಪು, ಸಕ್ಕರೆ, ಕರಿದದ್ದು ಕಡಿಮೆ. ತರಕಾರಿ, ಕಾಳು, ಹಣ್ಣು, ತೌಡು ತೆಗೆಯದ ಧಾನ್ಯ ಹೆಚ್ಚು.

ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, ನೀವೂ ನೋಡಿಸಿಕೊಳ್ಳಿ ಎಂದರು. ನಾನು ಕಡ್ಡಿಯ ಹಾಗಿದ್ದೇನೆ, ನನಗೇನು ಎಂದು ಜಂಭದಿಂದಲೇ ಕೈ ಚಾಚಿದೆ. ಅಕ್ಕನದು ಸರಿಯಾಗಿತ್ತು. ಬಿಪಿ ಎಲ್ಲರಿಗಿಂತ ಹೆಚ್ಚು ಇದ್ದದ್ದು ನನ್ನದೇ. ಸಣ್ಣಗಿರುವವರಿಗೂ ಬರುತ್ತದೆ, ಟೇಪು ಎಲ್ಲವನ್ನೂ ಹೇಳುವುದಿಲ್ಲ, ಅದಕ್ಕೇ ಪರೀಕ್ಷೆ ಎಂದು ಡಾಕ್ಟರಮ್ಮ ವಿವರಿಸಿದರು. ನಮ್ಮವರಿಗೆ ಅಷ್ಟು ದಿನಗಳಲ್ಲಿ ಅಷ್ಟು ಖುಷಿಯಾದದ್ದನ್ನು ನಾನು ನೋಡಿರಲಿಲ್ಲ. ದಾರಿಯುದ್ದಕ್ಕೂ, ನಿನ್ನ ಕೋಪಕ್ಕೆ ಕಾರಣ ಈಗ ಗೊತ್ತಾಯ್ತು ಎಂದು ಚುಚ್ಚಿದರು.

ಅಲ್ಲಿಂದ ಮುಂದೆ ಮೂವರಿಗೂ ಒಂದೇ ಅಡುಗೆ, ಒಂದೇ ನಡಿಗೆ. ಮೊದಮೊದಲು ಸಪ್ಪೆ ಊಟದ ಮುಂದೆ ಅವರು ಕೂರುತ್ತಿದ್ದ ರೀತಿ ನೋಡಿದರೆ ಯಾರಿಗಾದರೂ ಅಯ್ಯೋ ಅನಿಸಬೇಕು. ನಿಂಬೆಹುಳಿ ಹಿಂಡಿ, ಬೆಳ್ಳುಳ್ಳಿ ಹುರಿದು ಹಾಕಿ ನಾಲಿಗೆಗೆ ಸಮಾಧಾನ ಹೇಳಿದೆ. ಸಿಗರೇಟು ಬಿಡಲು ಅವರು ಪಟ್ಟ ಪಾಡು ಅವರಿಗೂ ನನಗೂ ಗೊತ್ತು. ಎರಡು ಸಲ ಬಿಟ್ಟು, ಎರಡು ಸಲ ಹಿಡಿದು, ಮೂರನೆಯ ಸಲ ಬಿಟ್ಟದ್ದು ನಿಂತಿತು. ನಡೆಯಲು ಹೊರಟಾಗ ಅಕ್ಕ ಯಾವಾಗಲೂ ಒಂದು ಹೆಜ್ಜೆ ಹಿಂದೆ ಬರುತ್ತಿದ್ದಳು. ಕಾಲು ನೋವೇನೋ ಎಂದುಕೊಂಡಿದ್ದೆ.

ಮುಂದಿನ ವರ್ಷದ ಹೊತ್ತಿಗೆ ನಮ್ಮವರ ಪ್ಯಾಂಟುಗಳು ಬೆಲ್ಟಿನ ದಯೆಯಿಂದ ನಿಲ್ಲತೊಡಗಿದವು. ರಕ್ತ ಪರೀಕ್ಷೆಯ ಫಲಿತಾಂಶವೂ ಸುಧಾರಿಸಿತ್ತು. ಒಂದು ಮಧ್ಯಾಹ್ನ ಅವರು ತಾವಾಗಿಯೇ ಅಕ್ಕನ ಹತ್ತಿರ ಹೋಗಿ, ಅಣ್ಣನ ಪ್ಯಾಂಟು ಕೊಡಿ ಅತ್ತಿಗೆ, ಈಗ ಆಗಬಹುದು ಎಂದರು. ಅಕ್ಕ ಸೇರಿಸಿದ ಪಟ್ಟಿಯನ್ನು ತೆಗೆದಳು. ಎಲ್ಲ ಸಾಲುಗಳನ್ನೂ ಒಳಗೆ ಮಡಚಿ, ಮೊಟ್ಟಮೊದಲ ಸಾಲಿನ ಮೇಲೆಯೇ ಹೊಲಿದಳು. ಮದುವೆಯ ವರ್ಷದ ಸಾಲು ಅದು.

ನಾನು ಟೀ ತೆಗೆದುಕೊಂಡು ಹಿಂದಿನ ಬಾಗಿಲಿಗೆ ಬಂದೆ. ನಮ್ಮವರು ಆ ಪ್ಯಾಂಟು ತೊಟ್ಟು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಅಕ್ಕ ಅವರ ಹಿಂದೆ. ಸೊಂಟ ಸರಿಯಾಗಿ ಕೂತಿತ್ತು, ಅದು ನನಗೇ ಕಾಣುತ್ತಿತ್ತು.

"ಆಯ್ತಾ ಅತ್ತಿಗೆ?"

"ಇಲ್ಲ. ಇನ್ನೂ ಸ್ವಲ್ಪ ಹೊತ್ತು. ತಿರುಗಬೇಡ."

ಟೇಪು ಮೇಜಿನ ಮೇಲಿತ್ತು. ಸೀಮೆಸುಣ್ಣವೂ ಅಲ್ಲೇ ಇತ್ತು. ಅಕ್ಕನ ಎರಡೂ ಕೈ ಖಾಲಿ. ಅವಳು ಆ ಭುಜಗಳನ್ನು, ತಲೆಯ ಹಿಂದಿನ ಸುಳಿಯನ್ನು, ಮದುವೆ ಪ್ಯಾಂಟನ್ನು ಸುಮ್ಮನೆ ನೋಡುತ್ತಿದ್ದಳು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಬಸ್ಸು ಬಂದ ಸದ್ದಾಯಿತು. ನಡೆಯುವಾಗ ಅವಳು ಯಾಕೆ ಹಿಂದೆ ಬರುತ್ತಿದ್ದಳೆಂದು ನನಗೆ ಆಗ ಹೊಳೆಯಿತು.

ನಾನು ಸದ್ದು ಮಾಡದೆ ಟೀ ಹಿಡಿದು ವಾಪಸು ಹೋದೆ. ಆರಿದರೆ ಮತ್ತೆ ಬಿಸಿ ಮಾಡಬಹುದು.